ಕಾರಿನ ಮೂಗು

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರು ದಾರಿ. ಬಾಯಿಗೆ ಹಾಕಿಕೊಂಡ ಎಲೆ ಅಡಿಕೆ ಮುಗಿಯುವುದರೊಳಗೆ ಊರು ಬಂದಿರುತ್ತದೆ. ಅಕ್ಕನ ಮನೆ ಅಲ್ಲಿರುವುದರಿಂದ ತಿಂಗಳಿಗೆ ಎರಡು ಭಾನುವಾರವಾದರೂ ನಮ್ಮ ಸಂಸಾರದ ಸವಾರಿ ಆ ಕಡೆ ಹೊರಡುವುದು ವಾಡಿಕೆ. ಈ ಸಲ ಮಳೆಗಾಲ ಮುಗಿದ ಮೇಲೆ ಅಷ್ಟು ಸಣ್ಣ ದಾರಿಯಲ್ಲೂ ಒಂದು ರಗಳೆ ಶುರುವಾಯಿತು. ಐದು ವರ್ಷದ ಮೊಮ್ಮಗಳು ಕಾರು ಹತ್ತಿದ ಐದು ನಿಮಿಷಕ್ಕೆ ಸೀನತೊಡಗುತ್ತಾಳೆ. ಪಿ.ಬಿ. ರಸ್ತೆ ದಾಟುವ ಹೊತ್ತಿಗೆ ಮೂಗು ಸೋರುತ್ತದೆ. ಅಕ್ಕನ ಮನೆಯ ಮುಂದೆ ಇಳಿಯುವಾಗ ಎದೆಯಲ್ಲಿ ಗೊರಗೊರ ಸದ್ದು.

‘ಗಾಜು ಏರಿಸಿದ್ದೇವೆ, ಎಸಿ ಹಾಕಿದ್ದೇವೆ, ಒಳಗೆ ಧೂಳು ಎಲ್ಲಿಂದ ಬರಬೇಕು?’ ಎಂಬುದು ನನ್ನ ವಾದ. ‘ಸ್ಕೂಟರಿನಲ್ಲಿ ಕರೆದುಕೊಂಡು ಹೋದರೆ ಇಷ್ಟು ಸೀನೋದಿಲ್ಲ ಮಾವಾ, ಕಾರಿನಲ್ಲೇ ಜಾಸ್ತಿ’ ಎಂಬುದು ಸೊಸೆಯ ತಕರಾರು. ಸೊಸೆಯ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮನೆಯ ಹಿರಿಯರಿಗೆ ಇರುವ ದೊಡ್ಡ ಸೌಕರ್ಯವೇ ಅದು ತಾನೆ!

ಕೊನೆಗೆ ಮಕ್ಕಳ ಡಾಕ್ಟರ ಬಳಿ ಹೋದೆವು. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಔಷಧಿ ಬರೆದುಕೊಟ್ಟು, ಕತೆಯನ್ನೆಲ್ಲ ಕೇಳಿ, ‘ಕಾರಿನ ಎಸಿ ಫಿಲ್ಟರ್ ಬದಲಿಸಿ ಎಷ್ಟು ದಿನ ಆಯಿತು?’ ಅಂದರು.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ‘ಪ್ರತಿ ಸರ್ವೀಸಿಗೂ ಹೊಸದು ಹಾಕಿಸುತ್ತೇನೆ ಡಾಕ್ಟ್ರೆ. ಮೂರು ಸಲ ಹಾಕಿಸಿದ್ದೇನೆ. ಬಿಲ್ಲುಗಳಿವೆ.’

‘ಬಿಲ್ಲು ನೋಡಿದ್ದೀರಿ, ಸರಿ. ಫಿಲ್ಟರ್ ನೋಡಿದ್ದೀರಾ?’

ನೋಡಿರಲಿಲ್ಲ. ಅದು ಕಾರಿನಲ್ಲಿ ಎಲ್ಲಿದೆ ಎಂಬುದೂ ನನಗೆ ಗೊತ್ತಿರಲಿಲ್ಲ.

* * *

ಮುಂದಿನ ಭಾನುವಾರ ಹರಿಹರದಲ್ಲಿ ಭಾವನವರ ಮುಂದೆ ಈ ಪ್ರಸ್ತಾಪ ಬಂತು. ನಮ್ಮ ಭಾವ ಮೈಸೂರು ಕಿರ್ಲೋಸ್ಕರದಲ್ಲಿ ಫಿಟ್ಟರಾಗಿದ್ದವರು. 1941ರಲ್ಲಿ ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ಶುರುವಾದ ಆ ಕಾರ್ಖಾನೆಯ ಲೇತುಗಳು ಒಂದು ಕಾಲಕ್ಕೆ ದೇಶದ ಮೂಲೆ ಮೂಲೆಯ ವರ್ಕ್‌ಶಾಪುಗಳಲ್ಲಿ ತಿರುಗುತ್ತಿದ್ದವು. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷಗಳ ಮೇಲಾಯಿತು. ಭಾವನವರ ಅಭ್ಯಾಸ ಮಾತ್ರ ಮುಚ್ಚಿಲ್ಲ. ಯಾವುದೇ ಯಂತ್ರದ ಬಗ್ಗೆ ಮಾತು ಬಂದರೆ ಅವರು ಮೊದಲು ಕೇಳುವುದು, ‘ಬಿಚ್ಚಿ ನೋಡಿದ್ಯಾ?’ ಎಂದು.

‘ಇಲ್ಲ ಭಾವ.’

‘ಮತ್ತೆ ಏನ್ ಮಾತಾಡ್ತೀಯೋ ಮಾರಾಯ? ಬಾ.’

ಅಂಗಳದಲ್ಲಿ ಕಾರು ನಿಲ್ಲಿಸಿ, ಕೆಳಗೆ ಹಳೆಯ ಪೇಪರು ಹಾಸಿದೆವು. ಡ್ರೈವರಿನ ಪಕ್ಕದ ಸೀಟಿನ ಮುಂದಿರುವ ಡಬ್ಬಿಯನ್ನು, ಅದೇ ಗ್ಲೋವ್ ಬಾಕ್ಸನ್ನು, ಖಾಲಿ ಮಾಡಿದರು. ಇನ್ಶೂರೆನ್ಸ್ ಕಾಗದ, ಹರಿಹರೇಶ್ವರನ ಗುಡಿಯ ಕುಂಕುಮದ ಪೊಟ್ಟಣ, ಮೊಮ್ಮಗಳು ಬಚ್ಚಿಟ್ಟಿದ್ದ ಚಾಕೊಲೇಟಿನ ಸಿಪ್ಪೆ ಎಲ್ಲ ಹೊರಬಂದವು. ಆಮೇಲೆ ಭಾವ ಡಬ್ಬಿಯ ಎರಡೂ ಪಕ್ಕಗಳನ್ನು ಒಳಗೆ ಒತ್ತಿದರು. ಡಬ್ಬಿ ಕಳಚಿಕೊಂಡು ಅವರ ತೊಡೆಯ ಮೇಲೆ ಬಿತ್ತು. ಅದರ ಹಿಂದೆ ಅಡ್ಡಡ್ಡ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ. ಅದರ ಕೊಕ್ಕೆ ಸರಿಸಿ, ಒಳಗಿದ್ದುದನ್ನು ಮೆಲ್ಲಗೆ ಎಳೆದರು. ಸ್ಕ್ರೂ ಡ್ರೈವರು ಸಹ ಬೇಕಾಗಲಿಲ್ಲ.

ಹೊರಬಂದ ವಸ್ತುವನ್ನು ಏನೆಂದು ವರ್ಣಿಸಲಿ? ಬಿಳಿಯ ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಇರಬೇಕಾದದ್ದು ಒಲೆಯ ಮೇಲಿನ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಮಡಿಕೆಗಳ ನಡುವೆ ಒಣಗಿದ ಬೇವಿನೆಲೆಯ ಚೂರು, ಮೆಕ್ಕೆಜೋಳದ ತೆಳ್ಳನೆಯ ಸಿಪ್ಪೆ, ಸತ್ತ ಸೊಳ್ಳೆ, ಯಾವುದೋ ಹುಳದ ರೆಕ್ಕೆ. ಒಂದು ಮೂಲೆಯನ್ನು ಇಲಿ ಕಚ್ಚಿತ್ತು. ಮೂಗಿನ ಹತ್ತಿರ ಹಿಡಿದರೆ ಮಳೆಯಲ್ಲಿ ನೆನೆದು ಮೂಲೆ ಸೇರಿದ ಗೋಣಿಚೀಲದ ವಾಸನೆ. ಭಾವ ಕನ್ನಡಕ ಏರಿಸಿ ಅದರ ಅಂಚನ್ನು ಬಟ್ಟೆಯಿಂದ ಒರೆಸಿದರು. ತಯಾರಾದ ವರ್ಷ ಅಲ್ಲಿ ಅಚ್ಚಾಗಿತ್ತು: 2019. ಕಾರು ಕೊಂಡ ವರ್ಷವೂ ಅದೇ.

ಮೂರು ಸಲ ಬದಲಿಸಿದ್ದೇವೆಂದು ದುಡ್ಡು ಕೊಟ್ಟ ಫಿಲ್ಟರು ಹುಟ್ಟಿದ ಜಾಗದಿಂದ ಕದಲಿರಲಿಲ್ಲ. ಮೊಮ್ಮಗಳು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದೇ ಕಾರಿನಲ್ಲಿ. ಅಂದಿನಿಂದ ಈ ಕಾರಿನೊಳಗೆ ಅವಳು ಉಸಿರಾಡಿದ್ದೆಲ್ಲ ಈ ಗೋಣಿಚೀಲದ ಮೂಲಕ ಬಂದ ಗಾಳಿ. ಬಿಲ್ಲುಗಳನ್ನು ಫೈಲಿನಲ್ಲಿ ನೀಟಾಗಿ ಪಂಚ್ ಮಾಡಿ ಇಟ್ಟಿದ್ದ ತಾತ ನಾನು.

* * *

ಗಾಜು ಏರಿಸಿದ ಕಾರಿಗೆ ಗಾಳಿ ಎಲ್ಲಿಂದ ಬರುತ್ತದೆ? ಮುಂದಿನ ದೊಡ್ಡ ಗಾಜಿನ ಬುಡದಲ್ಲಿ, ವೈಪರ್ ಕಡ್ಡಿಗಳ ಹತ್ತಿರ, ಜಾಲರಿಯೊಂದಿದೆ. ಹೊರಗಿನ ಗಾಳಿ ಅಲ್ಲಿಂದ ಒಳನುಗ್ಗುತ್ತದೆ. ಡ್ಯಾಶ್‌ಬೋರ್ಡಿನ ಒಳಗಿರುವ ಬ್ಲೋವರ್ ಎಂಬ ಫ್ಯಾನು ಅದನ್ನು ಎಳೆದು, ಎಸಿಯ ತಣ್ಣನೆಯ ಸುರುಳಿಯ ಮೇಲೆ ಹಾಯಿಸಿ, ನಮ್ಮ ಮುಖಕ್ಕೆ ಊದುತ್ತದೆ. ಈ ದಾರಿಯ ನಡುವೆ ಕಾವಲುಗಾರನಂತೆ ನಿಂತಿರುವುದೇ ಕ್ಯಾಬಿನ್ ಫಿಲ್ಟರು. ನಾವು ‘ಎಸಿ ಫಿಲ್ಟರ್’ ಎನ್ನುತ್ತೇವಾದರೂ ಎಸಿ ಹಾಕದೆ ಬರೀ ಫ್ಯಾನು ಹಾಕಿದಾಗಲೂ ಗಾಳಿ ಅದರ ಮೂಲಕವೇ ಬರುವುದು. ಎಂಜಿನ್ನಿಗೆ ಇರುವ ಏರ್ ಫಿಲ್ಟರು ಬೇರೆ, ಇದು ಬೇರೆ. ಅದು ಎಂಜಿನ್ನಿನ ಮೂಗು, ಇದು ನಮ್ಮದು.

ಫಿಲ್ಟರು ಕೆಲಸ ಮಾಡುವ ರೀತಿ ಅಡುಗೆಮನೆಯ ಜರಡಿಯಂತೆ ಎಂದು ನಾವು ತಿಳಿದಿರುತ್ತೇವೆ. ಅದು ಅರ್ಧ ಸತ್ಯ ಮಾತ್ರ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ರಸ್ತೆಯ ಧೂಳು, ಹೂವಿನ ಪರಾಗ ಮುಂತಾದ ದಪ್ಪ ಕಣಗಳು ಜರಡಿಯಲ್ಲಿ ನಿಲ್ಲುವಂತೆ ಇಲ್ಲಿ ನಿಲ್ಲುತ್ತವೆ. ಡೀಸೆಲ್ ಹೊಗೆಯ ಕಣ ಒಂದು ಮೈಕ್ರಾನಿಗಿಂತಲೂ ಸಣ್ಣದು. ಅದಕ್ಕೆ ಜರಡಿಯ ತೂತು ಮಹಾದ್ವಾರ ಇದ್ದ ಹಾಗೆ. ಆದ್ದರಿಂದಲೇ ಒಳ್ಳೆಯ ಫಿಲ್ಟರಿನ ಎಳೆಗಳಿಗೆ ತಯಾರಿಸುವಾಗಲೇ ಸ್ಥಿರ ವಿದ್ಯುತ್ತು ತುಂಬಿರುತ್ತಾರೆ. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವುದಿಲ್ಲವೇ, ಹಾಗೆಯೇ ಈ ಎಳೆಗಳು ಸಣ್ಣ ಕಣಗಳನ್ನು ಸೆಳೆದು ಹಿಡಿಯುತ್ತವೆ. ‘ತೊಳೆದು ಒಣಗಿಸಿ ಮತ್ತೆ ಹಾಕಿದರಾಯಿತು’ ಎನ್ನುವವರು ಇದನ್ನು ನೆನಪಿಡಬೇಕು. ನೀರು ಬಿದ್ದರೆ ಆ ಸೆಳೆತ ಹೋಗುತ್ತದೆ. ಫಿಲ್ಟರು ನೋಡಲು ಬೆಳ್ಳಗಾಗುತ್ತದೆ, ಕೆಲಸಕ್ಕೆ ಬಾರದಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿದರೆ ಎಳೆಗಳು ಹರಿಯುತ್ತವೆ.

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಒಂದು ಸಾದಾ, ಬಿಳಿ ಬಣ್ಣದ್ದು. ಸಣ್ಣ ಕಾರುಗಳಿಗೆ ಕೆಲವು ನೂರು ರೂಪಾಯಿಯೊಳಗೆ ಬರುತ್ತದೆ. ಎರಡನೆಯದು ಇದ್ದಿಲು ಸೇರಿಸಿದ ಬೂದು ಬಣ್ಣದ್ದು. ಇದು ತೆಂಗಿನ ಚಿಪ್ಪು ಮುಂತಾದವನ್ನು ಸುಟ್ಟು ಹದಗೊಳಿಸಿದ ಇದ್ದಿಲು. ಅದರ ಒಂದು ಗ್ರಾಮಿನ ರಂಧ್ರಗಳನ್ನೆಲ್ಲ ಬಿಡಿಸಿ ಹಾಸಿದರೆ 500 ಚದರ ಮೀಟರಿಗೂ ಹೆಚ್ಚು ಜಾಗವಾಗುತ್ತದೆ. ಹೊಗೆಯ ವಾಸನೆ, ಕೆಲವು ಅನಿಲಗಳು ಅಲ್ಲಿ ಸಿಕ್ಕಿಬೀಳುತ್ತವೆ. ಆದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇದಕ್ಕೆ ಜಗ್ಗುವುದಿಲ್ಲ. ಆದ್ದರಿಂದ ಇದ್ದಿಲಿನ ಫಿಲ್ಟರಿದೆ ಎಂದು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ಕೂರುವ ಸಾಹಸ ಬೇಡ. ಮೂರನೆಯದು ‘ಹೆಪಾ’ ದರ್ಜೆಯದು ಎಂದು ಮಾರುವಂಥದು. ನಿಜವಾದ ಹೆಪಾ ಅಂದರೆ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97 ಭಾಗ ಹಿಡಿಯಬೇಕು. ಹೆಸರು ಹೊತ್ತದ್ದೆಲ್ಲ ಆ ಯೋಗ್ಯತೆಯದಲ್ಲ. ನಿಮ್ಮ ಕಾರಿನ ಅಳತೆಗೆ ಸರಿಯಾಗಿ ಕೂರುವ ಸಾದಾ ಫಿಲ್ಟರು, ಅಳತೆಗೆ ಕೂರದ ದುಬಾರಿ ಫಿಲ್ಟರಿಗಿಂತ ಮೇಲು. ಸಂದು ಬಿಟ್ಟರೆ ಗಾಳಿ ಸಂದಿನಲ್ಲೇ ನುಸುಳುತ್ತದೆ.

* * *

ಈಗ ಬದಲಿಸುವ ವಿಧಾನ. ಭಾವ ನನ್ನ ಕೈಯಲ್ಲೇ ಮಾಡಿಸಿದ್ದರಿಂದ ಧೈರ್ಯವಾಗಿ ಹೇಳುತ್ತೇನೆ.

ಮೊದಲು ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಮಾರುತಿ, ಹ್ಯುಂಡೈನಂಥ ಬಹಳಷ್ಟು ಕಾರುಗಳಲ್ಲಿ ಫಿಲ್ಟರು ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ಕೆಲವದರಲ್ಲಿ ಪಕ್ಕದ ಸೀಟಿನವರ ಕಾಲಿನ ಬಳಿ, ಇನ್ನು ಕೆಲವದರಲ್ಲಿ ಬಾನೆಟ್ಟಿನ ಕೆಳಗೆ ಗಾಜಿನ ಬುಡದಲ್ಲಿ. ಹಳೆಯ ಅಗ್ಗದ ಕಾರುಗಳಲ್ಲಿ ಫಿಲ್ಟರೇ ಇಲ್ಲದಿರುವುದೂ ಉಂಟು. ಜಾಗ ಮಾತ್ರ ಬಿಟ್ಟು, ಮುಚ್ಚಳ ಹಾಕಿ ಕಳಿಸಿರುತ್ತಾರೆ.

ಎಂಜಿನ್, ಫ್ಯಾನು ಎರಡನ್ನೂ ಆರಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ದಮ್ಮು, ಅಲರ್ಜಿ ಇರುವವರು ಈ ಕೆಲಸಕ್ಕೆ ಬೇರೆಯವರನ್ನು ಹಚ್ಚುವುದು ಒಳ್ಳೆಯದು. ಗ್ಲೋವ್ ಬಾಕ್ಸಿನ ಪಕ್ಕದಲ್ಲಿ ಸಣ್ಣ ದಾರದಂಥ ಕೊಂಡಿ ಇದ್ದರೆ ಮೊದಲು ಅದನ್ನು ಬಿಡಿಸಿ, ಆಮೇಲೆ ಎರಡೂ ಪಕ್ಕ ಒತ್ತಿ ಇಳಿಸಿ. ಬರಲಿಲ್ಲವೆಂದು ಎಳೆದಾಡಬೇಡಿ. ಪ್ಲಾಸ್ಟಿಕ್ಕಿನ ಕಿವಿ ಮುರಿದರೆ ಫಿಲ್ಟರಿಗಿಂತ ಹೆಚ್ಚು ಖರ್ಚು.

ಹಳೆಯದನ್ನು ಎಳೆಯುವ ಮುಂಚೆ ಅದರ ಮೇಲಿನ ಬಾಣದ ಗುರುತು ಯಾವ ಕಡೆಗಿದೆ ನೋಡಿಕೊಳ್ಳಿ. ಬಾಣವೆಂದರೆ ಗಾಳಿ ಹರಿಯುವ ದಿಕ್ಕು. ಅಡ್ಡಲಾಗಿ ಮಲಗುವ ಫಿಲ್ಟರುಗಳಲ್ಲಿ ಅದು ಸಾಮಾನ್ಯವಾಗಿ ಕೆಳಮುಖ. ಬಾಣ ಅಳಿಸಿದ್ದರೂ ಚಿಂತೆಯಿಲ್ಲ. ಹಳೆಯದರ ಯಾವ ಮುಖ ಹೆಚ್ಚು ಕೊಳೆಯಾಗಿದೆಯೋ ಗಾಳಿ ಆ ಕಡೆಯಿಂದ ಬರುತ್ತದೆ. ಇದು ಭಾವನವರು ಹೇಳಿಕೊಟ್ಟ ಉಪಾಯ. ತೆಗೆದದ್ದನ್ನು ಕಾರಿನೊಳಗೆ ಕೊಡವಬೇಡಿ, ಮೆಲ್ಲಗೆ ಪೇಪರಿನ ಮೇಲೆ ಇಳಿಸಿ. ಖಾಲಿ ಗೂಡನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎಲೆ ಕಡ್ಡಿ ಆರಿಸಿ. ಹೊಸದನ್ನು ಬಾಣ ನೋಡಿ ತಳ್ಳಿ, ಮುಚ್ಚಳ ಕಚ್ಚಿಸಿ, ಡಬ್ಬಿ ಏರಿಸಿ. ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಭಾವನವರಿಗೆ ಐದು ಸಾಕು.

ಎಷ್ಟು ದಿನಕ್ಕೊಮ್ಮೆ? ಪುಸ್ತಕದಲ್ಲಿ ಇಷ್ಟು ಸಾವಿರ ಕಿಲೋಮೀಟರು ಎಂದು ಬರೆದಿರುತ್ತದೆ. ಅದರ ಜೊತೆಗೆ ‘ಧೂಳಿನ ಪ್ರದೇಶದಲ್ಲಿ ಇನ್ನೂ ಬೇಗ’ ಎಂಬ ಸಣ್ಣ ಅಕ್ಷರದ ಸಾಲೂ ಇರುತ್ತದೆ. ನಮ್ಮ ಊರಿಗೆ ಅನ್ವಯಿಸುವುದು ಆ ಸಣ್ಣ ಅಕ್ಷರ. ಆರು ತಿಂಗಳಿಗೊಮ್ಮೆ ತೆಗೆದು ನೋಡಿ, ವರ್ಷಕ್ಕೊಮ್ಮೆ ಬದಲಿಸಿ. ಫ್ಯಾನು ಜೋರಾಗಿಟ್ಟರೂ ಗಾಳಿ ಮೆತ್ತಗೆ ಬರುವುದು, ಎಸಿ ಹಾಕಿದ ಕೂಡಲೇ ಮುಗ್ಗುಲು ವಾಸನೆ, ಮಳೆಯಲ್ಲಿ ಗಾಜಿನ ಮಂಜು ಬೇಗ ಬಿಡದಿರುವುದು, ಇವೆಲ್ಲ ಅದರ ಸೂಚನೆಗಳು. ಇನ್ನೊಂದು ಮಾತು. ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿಯನ್ನು ಲಾರಿಯ ಹಿಂದೆ ಸಿಕ್ಕಿಬಿದ್ದಾಗ ಒತ್ತಿ, ಆಮೇಲೆ ಬಿಡಿಸಿ. ನಾಲ್ಕೈದು ಜನ ಕೂತ ಕಾರಿನಲ್ಲಿ ಅದನ್ನು ಒತ್ತಿಯೇ ಇಟ್ಟರೆ ನಮ್ಮದೇ ಉಸಿರಿನ ಇಂಗಾಲದ ಡೈ ಆಕ್ಸೈಡು ತುಂಬಿಕೊಂಡು ಡ್ರೈವರಿಗೆ ಜೊಂಪು ಹತ್ತುತ್ತದೆ.

* * *

ಹೊಸದು ಕೂರಿಸಿ ಆದಮೇಲೂ ನನಗೆ ಆ ಹಳೆಯದನ್ನು ಎಸೆಯಲು ಮನಸ್ಸಾಗಲಿಲ್ಲ. ಪೇಪರಿನ ಮೇಲೆ ಬಿದ್ದಿದ್ದುದು ನಮ್ಮ ಊರೇ ಅಲ್ಲವೇ? ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರವಿ ಒಣಗಿಸುವ ಮೆಕ್ಕೆಜೋಳದ ಸಿಪ್ಪೆ, ಹೆದ್ದಾರಿಯ ಲಾರಿಗಳ ಮಸಿ, ಮಂಡಕ್ಕಿ ಭಟ್ಟಿಯಲ್ಲಿ ಉರಿದ ಭತ್ತದ ಹೊಟ್ಟಿನ ಬೂದಿ, ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಅಗೆಯುವ ರಸ್ತೆಗಳ ಮಣ್ಣು. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಘೋಷಿಸಿದಾಗ, ಗಾಳಿಯ ಗುಣಮಟ್ಟ ಸತತವಾಗಿ ತಪ್ಪಿದ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿದ್ದವು. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ಹತ್ತು ಮೈಕ್ರಾನಿನೊಳಗಿನ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು ಎಂಬುದು 2009ರಲ್ಲಿ ನಮ್ಮ ದೇಶ ಹಾಕಿಕೊಂಡ ಗೆರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಗೆರೆ 15. ಬೆಣ್ಣೆ ದೋಸೆಯ ಊರು ಆ ಪಟ್ಟಿಯಲ್ಲಿದೆ ಎಂದು ಪೇಪರಿನಲ್ಲಿ ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಕಣ್ಣಾರೆ ಕಂಡಾಗ ಅನ್ನಿಸಿತು.

ಅನ್ನಿಸಲು ಇನ್ನೊಂದು ಕಾರಣವೂ ಇತ್ತು. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದ ಕಾಲ ಅದು. ಅವರದು ಹತ್ತಿ ಹಿಂಜುವ ವಿಭಾಗ. ಗಿರಣಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಧೂಳು ಏಳುವುದೇ ಅಲ್ಲಿ. ಮೂಗಿಗೆ ಒಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಸಂಜೆ ಅವ್ವ ಆ ಬಟ್ಟೆಯನ್ನು ಬಚ್ಚಲಲ್ಲಿ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಹಿಂಡಿದ ನೀರು ಬೂದಿ ಬಣ್ಣಕ್ಕಿರುತ್ತಿತ್ತು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಅಪ್ಪನಿಗೆ ಎದೆ ಬಿಗಿಯುತ್ತಿತ್ತು. ‘ರಜೆಯ ಸೋಮಾರಿತನ’ ಎಂದು ನಾವು ಮಕ್ಕಳು ನಗುತ್ತಿದ್ದೆವು. ಹತ್ತಿಯ ಧೂಳಿನಿಂದ ಬರುವ ಆ ರೋಗಕ್ಕೆ ಬಿಸ್ಸಿನೋಸಿಸ್ ಎಂದು ಹೆಸರು, ರಜೆಯ ಮರುದಿನ ಹೆಚ್ಚಾಗುವುದೇ ಅದರ ಲಕ್ಷಣ, ಕಾರ್ಖಾನೆಗಳ ಕಾನೂನಿನ ಪಟ್ಟಿಯಲ್ಲೇ ಅದು ಇದೆ ಎಂಬುದೆಲ್ಲ ನನಗೆ ತಿಳಿಯುವ ಹೊತ್ತಿಗೆ ಅಪ್ಪ ಇರಲಿಲ್ಲ. ಆ ಬಟ್ಟೆಯನ್ನು ನಾನು ಒಂದು ದಿನವೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮೂಗಿಗೆ ಬಟ್ಟೆ ಕಟ್ಟಿಕೊಂಡವರು ಮಾತ್ರ ಊರಿನಲ್ಲಿ ಈಗಲೂ ಇದ್ದಾರೆ. ಭಟ್ಟಿಯ ಮುಂದೆ ಮಂಡಕ್ಕಿ ಹುರಿಯುವವರು, ಬೆಳಗಿನ ಜಾವ ರಸ್ತೆ ಗುಡಿಸುವವರು, ಸರ್ಕಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರು. ಗ್ಲೋವ್ ಬಾಕ್ಸಿನ ಹಿಂದಿನ ಫಿಲ್ಟರು ಅವರಿಗೆ ಉಪಯೋಗವಿಲ್ಲ. ಅವರಿಗೆ ಊರಿನ ಗಾಳಿಯೇ ಸರಿಯಾಗಬೇಕು. ಅದು ಇಪ್ಪತ್ತು ನಿಮಿಷದ ಕೆಲಸವಲ್ಲ, ಒಬ್ಬ ಭಾವನಿಂದ ಆಗುವುದೂ ಅಲ್ಲ. ಆದರೆ ಅದಕ್ಕೂ ಬಿಲ್ಲುಗಳು ಬರುತ್ತವೆ, ವರ್ಷ ವರ್ಷ ಹಣ ಖರ್ಚಾಗುತ್ತದೆ. ‘ಖರ್ಚಾಯಿತೇ?’ ಎಂದು ಕೇಳಿ ಸುಮ್ಮನಾಗದೆ, ‘ಬಿಚ್ಚಿ ನೋಡಿದಿರಾ?’ ಎಂದು ಕೇಳುವ ಹಕ್ಕು ನಮಗುಂಟು.

* * *

ಸರ್ವೀಸ್ ಸೆಂಟರಿಗೆ ಮೂರು ಬಿಲ್ಲು, ಒಂದು ಫಿಲ್ಟರು ಹಿಡಿದು ಹೋದೆ. ಕೌಂಟರಿನವರು ವಸ್ತುವನ್ನು ನೋಡಿ ಮುಖ ಸಿಂಡರಿಸಿ, ‘ಹುಡುಗರು ಮರೆತಿರಬೇಕು ಸರ್’ ಎಂದು ಮೂರರ ಹಣವನ್ನೂ ವಾಪಸು ಕೊಟ್ಟರು. ಮೂರು ಸಲವೂ ಮರೆಯುವ ಹುಡುಗರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಇನ್ನು ಮೇಲೆ ತೆಗೆದ ಹಳೆಯ ಸಾಮಾನನ್ನು ನನ್ನ ಕೈಗೇ ಕೊಡಬೇಕು ಎಂದು ಹೇಳಿ ಬಂದಿದ್ದೇನೆ. ನೀವೂ ಹಾಗೆ ಕೇಳಿ. ಅದು ನಿಮ್ಮದೇ ಸಾಮಾನು.

ಮೊಮ್ಮಗಳ ಸೀನು ಈಗ ಬಹಳ ಕಡಿಮೆಯಾಗಿದೆ. ಅದು ಫಿಲ್ಟರಿನಿಂದಲೋ ಡಾಕ್ಟರ ಔಷಧಿಯಿಂದಲೋ ನಾನು ಹೇಳಲಾರೆ. ‘ಔಷಧಿ ನಿಲ್ಲಿಸಬೇಡಿ, ಫಿಲ್ಟರನ್ನೂ ಮರೆಯಬೇಡಿ’ ಎಂದು ಡಾಕ್ಟರು ಇಬ್ಬರಿಗೂ ಸಮನಾಗಿ ಹಂಚಿದ್ದಾರೆ. ಸೊಸೆ ಏನೂ ಅನ್ನಲಿಲ್ಲ. ಅನ್ನಬಹುದಿತ್ತು.

ಹೊಸ ಫಿಲ್ಟರಿನ ಅಂಚಿನ ಮೇಲೆ ಭಾವ ಸ್ಕೆಚ್ ಪೆನ್ನಿನಲ್ಲಿ ತಾರೀಕು ಬರೆದಿದ್ದಾರೆ. ಹಳೆಯದು ಅವರ ಮನೆಯ ಶೆಡ್ಡಿನ ಗೋಡೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮೊಳೆಗೆ ನೇತಾಡುತ್ತಿದೆ. ‘ಎಸೆಯಬಾರದಿತ್ತೇ ಭಾವ?’ ಎಂದು ಕೇಳಿದರೆ, ‘ಇರಲಿ ಬಿಡೋ, ಕಾರಿಟ್ಟುಕೊಂಡು ಬಂದವರಿಗೆಲ್ಲ ತೋರಿಸೋಕೆ ಬೇಕು’ ಅನ್ನುತ್ತಾರೆ. ಇಲ್ಲಿಯವರೆಗೆ ಅದನ್ನು ನೋಡಿದ ನಾಲ್ಕು ಜನರೂ ಅಲ್ಲೇ ಅಂಗಳದಲ್ಲಿ ತಮ್ಮ ಗ್ಲೋವ್ ಬಾಕ್ಸ್ ಇಳಿಸಿದ್ದಾರಂತೆ.